ವಿದ್ಯಾರ್ಥಿನಿಲಯದ ಹಿತ್ತಿಲು

ನಮ್ಮ ವಿದ್ಯಾರ್ಥಿನಿಲಯದ ಹಿಂದೆ ಒಂದು ಹಿತ್ತಿಲಿದೆಯೆಂಬುದು ಕಳೆದ ವರ್ಷದವರೆಗೆ ಬೀದಿಯ ಹಂದಿಗಳಿಗೂ ಮುಸುರೆ ಚೆಲ್ಲುವ ಅಡಿಗೆಯವರಿಗೂ ಮಾತ್ರ ಗೊತ್ತಿದ್ದ ಸಂಗತಿ. ರಾಷ್ಟ್ರೀಯ ಸೇವಾ ಯೋಜನೆಯ ನಾವೆಲ್ಲ ಸೇರಿ ಅದನ್ನು ಹಸನುಗೊಳಿಸಿ, ಎಲ್ಲರಿಗೂ ಸೇರಿದ ಕೈತೋಟವನ್ನಾಗಿ ಮಾಡಬೇಕೆಂದು ನಿಶ್ಚಯವಾದಾಗ ಪ್ರಾರಂಭದ ಭಾಷಣ ನನ್ನ ಪಾಲಿಗೆ ಬಂತು.

ಇತಿಹಾಸದ ವಿದ್ಯಾರ್ಥಿಗೆ ಕೇಳಬೇಕೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಜನ ಮನೆಯಂಗಳದಲ್ಲಿ 'ವಿಜಯದ ತೋಟ'ಗಳನ್ನು ಬೆಳೆಸಿದ್ದು, 1943ರಲ್ಲಿ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಶ್ವೇತಭವನದ ಆವರಣದಲ್ಲಿಯೇ ತರಕಾರಿ ಹಾಕಿಸಿದ್ದು, 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದು ತೈಲ, ಗೊಬ್ಬರಗಳಿಗೆ ಬರ ಬಂದಾಗ ಕ್ಯೂಬಾದ ಹವಾನಾ ನಗರದ ಖಾಲಿ ನಿವೇಶನಗಳು ತೋಟಗಳಾದದ್ದು, ಎಲ್ಲವನ್ನೂ ಹೇಳಿ ಚಪ್ಪಾಳೆ ಗಿಟ್ಟಿಸಿದೆ. ಚಪ್ಪಾಳೆಗೆ ಗಿಡ ಚಿಗುರುವಂತಿದ್ದರೆ ನಮ್ಮ ತೋಟ ನಂದನವನವಾಗಬೇಕಿತ್ತು. ನಾವು ಹಾಕಿದ್ದು ಬರಿಯ ಟೊಮೇಟೊ. ಶ್ರಾವಣದ ಹೊತ್ತಿಗೆ ಕಾಯಿಗೊಂದು ತೂತು, ತೂತಿಗೊಂದು ಹುಳ!

ಅದೇ ವಾರ ಊರಿನಿಂದ ಅವ್ವ ರಾಗಿಹಿಟ್ಟಿನ ಗಂಟು ಹೊತ್ತು ಬಂದಳು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅವ್ವನಿಗೆ ಸಹಿ ಬಾರದು. ಹಿತ್ತಿಲನ್ನು ನೋಡಿದವಳೇ ಸೆರಗು ಸಿಕ್ಕಿಸಿ ಕುಕ್ಕುರುಗಾಲಲ್ಲಿ ಕುಳಿತಳು.

"ಒಂದೇ ತರದ್ದು ಹಾಕಿದ್ರೆ ಹುಳಕ್ಕೆ ಔತಣ ಕೊಟ್ಟಂಗೆ ಕಣಪ್ಪ. ರಾಗಿ ಹೊಲದಾಗೆ ಅಕ್ಕಡಿ ಸಾಲು ಬಿಡೋದು ನೋಡಿಲ್ವಾ ನೀನು?"

ನೋಡಿದ್ದೆ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು. ಒಂದು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ. ಅವರೆಯ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿ ಅಂಕವನ್ನೂ ಪಡೆದಿದ್ದೆ. ಆ ಪಾಠವೂ ನಮ್ಮ ಹೊಲವೂ ಒಂದೇ ಎಂದು ಮಾತ್ರ ಹೊಳೆದಿರಲಿಲ್ಲ. ಟೊಮೇಟೊ ಸಾಲಿನ ನಡುವೆ ಚೆಂಡುಹೂ ಹಾಕು, ಕಾಯಿ ಕೊರೆಯುವ ಹುಳದ ಚಿಟ್ಟೆ ಅದರ ಮೇಲೆ ಮೊಟ್ಟೆಯಿಡುತ್ತದೆ ಎಂದಳು. ಬಚ್ಚಲ ನೀರು ಮೋರಿಗೆ ಹರಿಯುವುದನ್ನು ಕಂಡು, "ಇಷ್ಟು ನೀರು ದಂಡ ಮಾಡ್ತೀರಲ್ಲ, ಎರಡು ಬಾಳೆಕಂದು ನೆಡಬಾರದಾ?" ಎಂದು ಗದರಿದಳು.

ಆಗ ನಮ್ಮ ಅಧ್ಯಾಪಕರೊಬ್ಬರು ಅತ್ತ ಬಂದರು. "ಇವರು ಯಾರಪ್ಪ?" ಎಂದರು.

ಅವ್ವನ ಹರಿದ ಕುಪ್ಪಸ, ಮಣ್ಣು ಮೆತ್ತಿದ ಕಾಲು ನನ್ನ ಕಣ್ಣಿಗೆ ಬಿದ್ದವು. "ನಮ್ಮೂರಿನವರು ಸಾರ್" ಎಂದುಬಿಟ್ಟೆ.

ಅವ್ವ ತಲೆಯೆತ್ತಲಿಲ್ಲ. ಕಳೆ ಕೀಳುತ್ತಲೇ ಇದ್ದಳು. ಬಸ್ಸು ಹತ್ತುವಾಗ, "ಹೊತ್ತಿಗೆ ಸರಿಯಾಗಿ ಉಣ್ಣು" ಎಂದಳು, ಅಷ್ಟೆ. ನಾಲ್ಕು ದಿನ ಬಿಟ್ಟು ಊರಿನವರೊಬ್ಬರ ಕೈಯಲ್ಲಿ ಬೂದಿ ಬೆರೆಸಿದ ಅವರೆಬೀಜದ ಗಂಟೊಂದು ಬಂತು. ಜೊತೆಗೆ ಒಣಗಿದ ಚೆಂಡುಹೂಗಳು.

ಧನುರ್ಮಾಸದಲ್ಲಿ ಹಿತ್ತಿಲೆಲ್ಲ ಸೊಗಡು. ನಮ್ಮದೇ ಅವರೆಕಾಯಿಯ ಸಾರು ಮೂರು ಸಲವಾಯಿತು. ಕಿರಿಯ ವಿದ್ಯಾರ್ಥಿಗಳಿಗೆ ಅಕ್ಕಡಿಯನ್ನು ವಿವರಿಸುವವನು ಈಗ ನಾನೇ. ಅದೇ ಅಧ್ಯಾಪಕರು ಬೆನ್ನು ತಟ್ಟಿ, "ಇದನ್ನೆಲ್ಲ ಎಲ್ಲಿ ಕಲಿತೆ?" ಎಂದು ಕೇಳಿದಾಗ ಬಾಯಿಗೆ ಬಂದ ಮಾತು ಮತ್ತೆ ಗಂಟಲಲ್ಲೇ ನಿಂತಿತು.

ಸಾರ್, ಅಂದು ಕಳೆ ಕೀಳುತ್ತಿದ್ದವರು ನನ್ನ ತಾಯಿ.

ಈ ಸಂಚಿಕೆ ಊರು ಸೇರಿದಾಗ ಅವ್ವನಿಗೆ ಓದಿ ಹೇಳಬೇಕಾದವನು ನಾನೇ. ಮೇಲಿನ ಸಾಲಿಗೆ ಬಂದಾಗ ಏನು ಮಾಡುತ್ತೇನೋ ಕಾಣೆ. ಹಿತ್ತಿಲಿನ ಅವರೆಯಲ್ಲಿ ಒಂದು ಸೇರು ಬೀಜಕ್ಕೆಂದು ಎತ್ತಿಟ್ಟು, ಬೂದಿ ಬೆರೆಸಿ, ಅವಳು ಕಳಿಸಿದ ಬಟ್ಟೆಯಲ್ಲಿಯೇ ಕಟ್ಟಿಟ್ಟಿದ್ದೇನೆ.