ಭೋಜದಿಂದ ಸದಲಗಾ: ದೂಧಗಂಗೆಯ ದಂಡೆಯಲ್ಲಿ ಒಂದು ಹಗಲಿನ ನಡಿಗೆ

ಬೆಳಗಾವಿ ಜಿಲ್ಲೆಯ ವಾಯವ್ಯ ಅಂಚಿನಲ್ಲಿ, ಹಿಂದೆ ಚಿಕ್ಕೋಡಿ ತಾಲ್ಲೂಕಿಗೆ ಸೇರಿದ್ದು ಈಗ ನಿಪ್ಪಾಣಿ ತಾಲ್ಲೂಕಿನಲ್ಲಿರುವ ಭೋಜ ಗ್ರಾಮವು, ಕೊಲ್ಹಾಪುರ ಸೀಮೆಯ ಸಹ್ಯಾದ್ರಿಯಿಂದ ಇಳಿದು ಬರುವ ವೇದಗಂಗಾ ಮತ್ತು ದೂಧಗಂಗಾ ನದಿಗಳು ಕೂಡುವ ಎಡೆಯಲ್ಲಿದೆ. ಕೂಡಿದ ನೀರು ದೂಧಗಂಗೆಯೆಂಬ ಹೆಸರಿನಲ್ಲಿಯೇ ಪೂರ್ವಕ್ಕೆ ಹರಿದು ಕಲ್ಲೋಳ–ಯಡೂರಗಳ ಸಮೀಪ ಕೃಷ್ಣೆಯನ್ನು ಸೇರುತ್ತದೆ. ಈ ನದಿಯ ಜಾಡು ಹಿಡಿದು ಭೋಜದಿಂದ ಹೊರಟು, ಸದಲಗಾ ಮತ್ತು ಯಡೂರಗಳನ್ನು ಹಾಯ್ದು, ಕೃಷ್ಣೆಯ ಆಚೆ ಕಾಗವಾಡ ತಾಲ್ಲೂಕಿನ ಶೇಡಬಾಳವನ್ನು ಮುಟ್ಟುವ ಕಾಲ್ನಡಿಗೆಯೊಂದನ್ನು ಗೆಳೆಯರ ಒಂದು ಸಣ್ಣ ತಂಡವು ಮಾರ್ಗಶಿರ ಮಾಸದಲ್ಲಿ ಕೈಗೊಂಡಿತು. ಅದರ ಮೊದಲ ಹಗಲಿನ ವಿವರಗಳನ್ನು ಇಲ್ಲಿ ಕೊಡಲಾಗಿದೆ.

ದಾರಿಯ ಆಯ್ಕೆಗೆ ಕಾರಣವಿತ್ತು. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಜೈನ ಮುನಿಪರಂಪರೆಯನ್ನು ಉತ್ತರ ಭಾರತದವರೆಗೆ ಮತ್ತೆ ಬೆಳೆಸಿದ ಆಚಾರ್ಯ ಶಾಂತಿಸಾಗರರು (1872–1955) ಭೋಜದ ಪಾಟೀಲ ಮನೆತನದವರು. ಆಚಾರ್ಯ ವಿದ್ಯಾಸಾಗರರು 1946ರಲ್ಲಿ ಸದಲಗಾದಲ್ಲಿಯೂ ಆಚಾರ್ಯ ವಿದ್ಯಾನಂದರು 1925ರಲ್ಲಿ ಶೇಡಬಾಳದಲ್ಲಿಯೂ ಹುಟ್ಟಿದವರು. ವಿದ್ಯಾನಂದರಿಗೆ ದೀಕ್ಷೆ ಕೊಟ್ಟ ದೇಶಭೂಷಣರು ಚಿಕ್ಕೋಡಿ ತಾಲ್ಲೂಕಿನ ಕೋಥಳಿಯವರು. ಕಬ್ಬು ಮತ್ತು ತಂಬಾಕು ಬೆಳೆಯುವ ಈ ಕಿರಿದಾದ ಪಟ್ಟಿಯಿಂದಲೇ ದೇಶವನ್ನು ಬರಿಗಾಲಿನಲ್ಲಿ ಅಳೆದ ಇಷ್ಟು ಮಂದಿ ಹೊರಟದ್ದನ್ನು ಕಾಕತಾಳೀಯವೆಂದು ತಳ್ಳಿಹಾಕುವುದು ಕಷ್ಟ. ಒಕ್ಕಲುತನದ ಜೈನ ಮನೆಗಳು ಹಳ್ಳಿಹಳ್ಳಿಯಲ್ಲಿ ಒತ್ತಾಗಿರುವ ಈ ಸೀಮೆಯಲ್ಲಿ ಮುನಿಗಳು ಬರುವುದೂ, ಊರವರು ಮುಂದಿನ ಊರಿನ ತನಕ ಅವರೊಡನೆ ನಡೆದು ಬಿಟ್ಟು ಬರುವುದೂ ಬಹುಕಾಲದ ರೂಢಿ.

ದಿಗಂಬರ ಮುನಿಯು ವಾಹನ ಏರದೆ ಊರಿಂದೂರಿಗೆ ನಡೆಯುವುದಕ್ಕೆ ವಿಹಾರವೆಂದೂ, ಮಳೆಗಾಲದ ನಾಲ್ಕು ತಿಂಗಳು ಒಂದೇ ಕಡೆ ನೆಲೆ ನಿಲ್ಲುವುದಕ್ಕೆ ಚಾತುರ್ಮಾಸವೆಂದೂ ಹೆಸರು. ವಿಹಾರಕ್ಕೆ ಈರ್ಯಾಸಮಿತಿಯೆಂಬ ಕಟ್ಟಳೆಯಿದೆ: ಬೆಳಕು ಹರಿದ ಮೇಲೆಯೇ ಹೊರಡಬೇಕು, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ಹೆಜ್ಜೆ ಇಡಬೇಕು, ಹೊತ್ತು ಮುಳುಗುವ ಮೊದಲು ನಿಲ್ಲಬೇಕು. ಹುಳುಹುಪ್ಪಟೆಗಳಿಗೆ ಹಿಂಸೆಯಾಗಬಾರದೆಂಬುದು ಇದರ ಮೂಲ ಆಶಯವಾದರೂ, ದೂರದ ದಾರಿ ನಡೆಯುವವನ ಮೈಗೂ ಇದಕ್ಕಿಂತ ಒಳ್ಳೆಯ ಕಟ್ಟಳೆ ಸಿಗಲಾರದು. ತಂಡದವರೆಲ್ಲ ಶ್ರಾವಕರು, ಅಂದರೆ ಗೃಹಸ್ಥ ಜೈನರು, ಆಗಿರಲಿಲ್ಲ. ಹೊತ್ತಿನ ನಿಯಮವನ್ನು ಮಾತ್ರ ಎಲ್ಲರೂ ಒಪ್ಪಿಕೊಂಡಿದ್ದರು. ಆದ್ದರಿಂದ ಮಂಜು ಇನ್ನೂ ಕಬ್ಬಿನ ಸೋಗೆಯ ಮೇಲಿರುವಾಗ, ಭೋಜದ ಬಸದಿಯ ದರ್ಶನ ಮುಗಿಸಿ, ಚಹಾ ಕುಡಿದು, ಮೊದಲು ಹೊಳೆಯ ಕಡೆಗೆ ನಡೆಯಲಾಯಿತು.

ಮಳೆಗಾಲದಲ್ಲಿ ಪತ್ರಿಕೆ ಓದುವವರಿಗೆ ಈ ಹೊಳೆಗಳ ಸೇತುವೆಗಳ ಹೆಸರು ಬಾಯಿಪಾಠ: ದೂಧಗಂಗೆಯ ಮೇಲೆ ಕಾರದಗಾ–ಭೋಜ ಮತ್ತು ಮಲಿಕವಾಡ–ದತ್ತವಾಡ, ವೇದಗಂಗೆಯ ಮೇಲೆ ಬಾರವಾಡ–ಕುನ್ನೂರ, ಅಕ್ಕೋಳ–ಸಿದ್ನಾಳ, ಜತ್ರಾಟ–ಭೀವಶಿ. ಘಟ್ಟದಲ್ಲಿ ಮಳೆ ಜೋರಾದೊಡನೆ ಒಂದರ ಹಿಂದೆ ಒಂದು ಮುಳುಗುವ ಈ ತಗ್ಗು ಸೇತುವೆಗಳಲ್ಲಿ ಹಲವು ಬಂಧಾರಗಳೂ ಹೌದು. ಬಂಧಾರವೆಂದರೆ ಕೊಲ್ಹಾಪುರ ಮಾದರಿಯ ಅಡ್ಡಗಟ್ಟೆ. ಹೊಳೆಗೆ ಅಡ್ಡಲಾಗಿ ಸಾಲು ಕಂಬಗಳನ್ನು ಕಟ್ಟಿ, ಪ್ರತಿ ಕಂಬದ ಎರಡೂ ಮಗ್ಗುಲಲ್ಲಿ ಮೇಲಿನಿಂದ ಕೆಳಗಿನವರೆಗೆ ಸಂದು ಬಿಟ್ಟಿರುತ್ತಾರೆ. ಮಳೆಗಾಲ ಮುಗಿದ ಮೇಲೆ ಆ ಸಂದುಗಳಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಬಿಟ್ಟು ನೀರು ನಿಲ್ಲಿಸುತ್ತಾರೆ, ಮುಂದಿನ ಮಳೆಗೆ ಮೊದಲು ಅವನ್ನು ಕಿತ್ತು ಹೊಳೆಯನ್ನು ಬಿಟ್ಟುಕೊಡುತ್ತಾರೆ. ತಂಡವು ನಿಂತು ನೋಡಿದ ಬಂಧಾರದಲ್ಲಿ ಹಲಗೆ ಇಳಿಸಿ ಆಗಿತ್ತು. ಮೇಲ್ಗಡೆ ನೀರು ಅಲುಗಾಡದೆ ದಂಡೆಯ ತನಕ ತುಂಬಿ ನಿಂತಿತ್ತು, ಕೆಳಗಡೆ ಮಾತ್ರ ಹಲಗೆಗಳ ನಡುವಿನ ಬಿರುಕಿನಿಂದ ತೆಳ್ಳಗೆ ಚಿಮ್ಮುವ ನೀರಿಗೆ ಹಾಸುಬಂಡೆಗಳು ಪಾಚಿಗಟ್ಟಿದ್ದವು. ಮೇಲ್ಗಡೆಯ ದಂಡೆಯುದ್ದಕ್ಕೂ ಮೋಟರುಗಳ ಪೈಪುಗಳು ನೀರಿಗೆ ಬಾಯಿಟ್ಟಿದ್ದವು. ಈ ಸೀಮೆಯ ಕಬ್ಬಿನ ಹಸಿರೆಲ್ಲ ಇಂಥ ಹಲಗೆಗಳ ಮೇಲೆ ನಿಂತಿದೆಯೆಂದರೆ ಹೆಚ್ಚಿನ ಮಾತಾಗದು.

ಬಂಧಾರಗಳಿಲ್ಲದ ಕಾಲದಲ್ಲಿ ಹೊಳೆಯನ್ನು ಹಾಯುವ ಬಗೆ ಬೇರೆಯಿತ್ತು. ಶಾಂತಿಸಾಗರರು ಇನ್ನೂ ಸಾತಗೌಡರೆಂಬ ಗೃಹಸ್ಥರಾಗಿದ್ದಾಗ, ಭೋಜಕ್ಕೆ ಬರುತ್ತಿದ್ದ ಆದಿಸಾಗರ ಮುನಿಗಳನ್ನು ಹೆಗಲ ಮೇಲೆ ಹೊತ್ತು ಹೊಳೆ ದಾಟಿಸುತ್ತಿದ್ದರೆಂಬ ಹೇಳಿಕೆ ಅವರ ಜೀವನಕಥೆಯಲ್ಲಿ ತಪ್ಪದೆ ಬರುತ್ತದೆ. ಅವರು 1915ರಲ್ಲಿ ಕ್ಷುಲ್ಲಕ ದೀಕ್ಷೆಯನ್ನು, ಅಂದರೆ ಎರಡು ಬಟ್ಟೆಗಳನ್ನಷ್ಟೇ ಉಳಿಸಿಕೊಳ್ಳುವ ಮೊದಲ ಹಂತದ ವ್ರತವನ್ನು, 1920ರಲ್ಲಿ ಯರನಾಳದಲ್ಲಿ ಮುನಿದೀಕ್ಷೆಯನ್ನು ಪಡೆದರು. 1927ರ ಚಾತುರ್ಮಾಸ ಮುಗಿದ ಮೇಲೆ ಕುಂಭೋಜದ ಬಾಹುಬಲಿ ಕ್ಷೇತ್ರದಿಂದ ದೊಡ್ಡ ಸಂಘದೊಡನೆ ಹೊರಟು, ಈಗಿನ ಝಾರ್ಖಂಡದ ಸಮ್ಮೇದ ಶಿಖರಜಿಯವರೆಗೆ ನಡೆದರು. 1955ರ ಸೆಪ್ಟೆಂಬರ್ 18ರಂದು ಕುಂಥಲಗಿರಿಯಲ್ಲಿ ಸಲ್ಲೇಖನದಿಂದ, ಎಂದರೆ ಆಹಾರವನ್ನು ಕ್ರಮವಾಗಿ ತ್ಯಜಿಸುವ ವ್ರತದಿಂದ, ದೇಹ ಬಿಟ್ಟರು.

ಭೋಜದಿಂದ ಬೇಡಕಿಹಾಳದ ಕಡೆಗೆ ತಿರುಗಿದ ಮೇಲೆ ಹೊಳೆ ಕಣ್ಮರೆಯಾಗಿ ಡಾಂಬರು ರಸ್ತೆಯೇ ದಾರಿಯಾಗುತ್ತದೆ. ಎರಡೂ ಕಡೆ ಕಬ್ಬು, ನಡುನಡುವೆ ಕಪ್ಪು ನೆಲದಲ್ಲಿ ತಂಬಾಕು. ಎಲೆ ದಪ್ಪವಾಗಲೆಂದು ಕುಡಿ ಚಿವುಟಿದ ಗಿಡಗಳು ಎದೆಮಟ್ಟಕ್ಕೂ ಬಾರದೆ ಅಗಲವಾಗಿ ಹರಡಿದ್ದವು. ಬೀಡಿ ತಂಬಾಕಿನ ಪೇಟೆಯಾದ ನಿಪ್ಪಾಣಿಯಲ್ಲಿ 1981ರಲ್ಲಿ ಶರದ್ ಜೋಶಿಯವರ ಮುಂದಾಳುತನದಲ್ಲಿ ನಡೆದ ರೈತರ ಚಳವಳಿ ಗೋಲಿಬಾರಿನಲ್ಲಿ ಮುಗಿದದ್ದನ್ನು ಈ ಕಡೆಯ ಹಿರಿಯರು ಇಂದಿಗೂ ನೆನೆಯುತ್ತಾರೆ. ಈಗ ತಂಬಾಕಿನ ಜಾಗವನ್ನು ಕಬ್ಬು ಬಹಳ ಮಟ್ಟಿಗೆ ನುಂಗಿದೆ. ಕಟಾವಿನ ಕಾಲವಾದ್ದರಿಂದ ಎರಡೆರಡು ಟ್ರೇಲರ್ ಎಳೆದುಕೊಂಡು, ಕಿವಿ ಗಡಚಿಕ್ಕುವಂತೆ ಹಾಡು ಹಾಕಿಕೊಂಡು ಬರುವ ಟ್ರ್ಯಾಕ್ಟರುಗಳಿಗೆ ದಾರಿ ಬಿಡಲು ನಡೆಯುವವರು ಮತ್ತೆ ಮತ್ತೆ ಗಟಾರಕ್ಕೆ ಇಳಿಯಬೇಕಾಯಿತು. ಇಳಿದಲ್ಲಿ ರವದಿ, ಅಂದರೆ ಕಬ್ಬಿನ ಒಣ ಎಲೆ, ಕಾಲಿಗೆ ತೊಡರುತ್ತಿತ್ತು. ಮೋಟರ್‌ಸೈಕಲ್ಲಿನ ಮೇಲೆ ಹೊಲಕ್ಕೆ ಹೊರಟಿದ್ದ ಒಬ್ಬ ರೈತರು ನಿಲ್ಲಿಸಿ, “ಯಾಕ್ರಿ ಪಾ, ಗಾಡಿ ಕೆಟ್ಟೈತೇನ್ರಿ?” ಎಂದು ಕೇಳಿದರು. ನಡೆದೇ ಹೋಗುವುದೆಂದು ತಿಳಿದ ಮೇಲೆ, “ಮಹಾರಾಜರು ಮುಂದ ಅದಾರೇನ್ರಿ?” ಎಂದು ಕೇಳಿ, ಇಲ್ಲವೆಂದಾಗ ನಕ್ಕು ಹೊರಟುಹೋದರು. ಮಹಾರಾಜರೆಂದರೆ ಇಲ್ಲಿ ಮುನಿಗಳು. ಗಾಡಿ ಕೆಡದೆ, ಮುನಿಗಳೂ ಇಲ್ಲದೆ ಯಾರಾದರೂ ನಡೆಯುವುದಕ್ಕೆ ಆ ರೈತರ ಲೆಕ್ಕದಲ್ಲಿ ಅರ್ಥವಿರಲಿಲ್ಲ.

ಬೇಡಕಿಹಾಳ ಮತ್ತು ಶಮನೇವಾಡಿ ಒಂದಕ್ಕೊಂದು ಅಂಟಿಕೊಂಡ ಊರುಗಳು. ಮಧ್ಯಾಹ್ನದ ಊಟಕ್ಕೆ ಪರಿಚಯದ ಮನೆಯೊಂದರಲ್ಲಿ ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಸಿಕ್ಕವು. ಉಳ್ಳಾಗಡ್ಡಿ, ಬಳ್ಳೊಳ್ಳಿಗಳ ಸುಳಿವಿರಲಿಲ್ಲ, ಅವುಗಳ ಕೊರತೆಯೂ ಯಾರಿಗೂ ಕಾಣಲಿಲ್ಲ. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡು, ಅಂಗೈಯಲ್ಲಿ ಹಾಕಿದ್ದನ್ನಷ್ಟೇ ಉಣ್ಣುತ್ತಾರೆ, ನೀರನ್ನೂ ಆಗಲೇ ಕುಡಿಯುತ್ತಾರೆ ಎಂದು ಮನೆಯ ಅಜ್ಜಿ ವಿವರಿಸುತ್ತಿದ್ದಾಗ, ಎರಡನೆಯ ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದವರು ತುಸು ಮುಜುಗರಪಟ್ಟರು. ಮನೆಯ ಮಾತು ಕನ್ನಡದಲ್ಲಿ ಹೊರಟು, ಲೆಕ್ಕ ಬಂದಾಗ ಮರಾಠಿಗೆ ಹೊರಳಿ, ಮತ್ತೆ ಕನ್ನಡಕ್ಕೆ ಬರುತ್ತಿತ್ತು.

ಸದಲಗಾ ತಲುಪಿದಾಗ ಹೊತ್ತು ಇನ್ನೂ ಇತ್ತು. ಈ ಊರಿನ ಮಲ್ಲಪ್ಪ ಮತ್ತು ಶ್ರೀಮಂತಿ ದಂಪತಿಯ ಮಗ ವಿದ್ಯಾಧರ 1968ರ ಜೂನ್ 30ರಂದು ಅಜ್ಮೇರದಲ್ಲಿ ಜ್ಞಾನಸಾಗರರಿಂದ ದೀಕ್ಷೆ ಪಡೆದು ವಿದ್ಯಾಸಾಗರರಾದರು. ಶಾಂತಿಸಾಗರ, ವೀರಸಾಗರ, ಶಿವಸಾಗರ, ಜ್ಞಾನಸಾಗರ, ವಿದ್ಯಾಸಾಗರ ಎಂಬ ಗುರುಶಿಷ್ಯ ಸರಣಿಯ ಎರಡು ತುದಿಗಳು ಹೀಗೆ ಒಂದು ಹಗಲಿನ ನಡಿಗೆಯೊಳಗೆ ಸಿಗುತ್ತವೆ. ನಡುವಿನ ಕೊಂಡಿಗಳಿಗೆ ಮಾತ್ರ ರಾಜಸ್ಥಾನವನ್ನು ಸುತ್ತಬೇಕು. ಕನ್ನಡ ಮನೆಮಾತಿನ ವಿದ್ಯಾಸಾಗರರು ಹಿಂದಿಯಲ್ಲಿ ‘ಮೂಕಮಾಟಿ’ ಎಂಬ ಮಹಾಕಾವ್ಯ ಬರೆದರು, ಬುಂದೇಲಖಂಡವನ್ನು ನಡೆದು ನಡೆದೇ ತಮ್ಮದಾಗಿಸಿಕೊಂಡರು, 2024ರ ಫೆಬ್ರವರಿ 18ರಂದು ಛತ್ತೀಸಗಡದ ಡೋಂಗರಗಡದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು.

ನಡೆಯುವ ರೂಢಿ ಜೈನರಿಗಷ್ಟೇ ಸೇರಿದ್ದಲ್ಲ. ಇದೇ ಸೀಮೆಯ ಹಳ್ಳಿಗಳಿಂದ ಭಜನೆ ಮಾಡುತ್ತ ಗುಂಪಾಗಿ ಪಂಢರಪುರಕ್ಕೆ ಹೋಗುವ ದಿಂಡಿಗಳು, ಯುಗಾದಿಯ ಹೊತ್ತಿಗೆ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ಸಾಗುವ ಭಕ್ತರು ಹೊರಡುತ್ತಾರೆ. 2022ರಲ್ಲಿ ಶ್ರೀಶೈಲ ಪೀಠದ ಜಗದ್ಗುರುಗಳು ಯಡೂರಿನಿಂದಲೇ ಶ್ರೀಶೈಲಕ್ಕೆ ಪಾದಯಾತ್ರೆ ನಡೆಸಿದರು. ಇಷ್ಟು ಮಂದಿ ನಡೆಯುವ ರಸ್ತೆಗಳಲ್ಲಿ ನಡೆಯುವವರಿಗೆಂದು ಒಂದು ಮಾರು ಜಾಗವಿಲ್ಲ. ವಿಹಾರದಲ್ಲಿದ್ದ ಸಾಧುಗಳಿಗೆ ವಾಹನ ಬಡಿದ ಸುದ್ದಿ ದೇಶದ ನಾನಾ ಕಡೆಗಳಿಂದ ಬರುತ್ತಲೇ ಇದೆ. ಮಹಾಪುರುಷರ ಹೆಸರಿನಲ್ಲಿ ಕಮಾನು ಕಟ್ಟುವುದಕ್ಕೆ ಮೊದಲು, ಭೋಜದಿಂದ ಸದಲಗಾವರೆಗೆ ರಸ್ತೆಯ ಒಂದು ಮಗ್ಗುಲಿಗಾದರೂ ನಾಲ್ಕು ಅಡಿ ಅಗಲದ ಮಣ್ಣಿನ ಕಾಲುದಾರಿಯನ್ನು ಬಿಡಿಸಿ, ಸಾಲುಮರ ಹಚ್ಚುವ ಕೆಲಸವನ್ನು ಲೋಕೋಪಯೋಗಿ ಇಲಾಖೆಯೂ ದಾರಿಯ ಪಂಚಾಯಿತಿಗಳೂ ಕೈಗೆತ್ತಿಕೊಳ್ಳಬೇಕು.