ತೆರಪಿನ ವಿದ್ಯೆ

ಕನ್ನಡದಲ್ಲಿ ‘ತೆರಪು’ ಎಂಬುದೊಂದು ಸೊಗಸಾದ ಮಾತು. ಬಿಡುವು ಎಂಬುದೂ ಅದರ ಅರ್ಥವೆ. ನಡುವೆ ಉಳಿದ ಬರಿದಾದ ಎಡೆ ಎಂಬುದೂ ಅದರ ಅರ್ಥವೆ. ಮನೆಗೆಲಸದ ನಡುವೆ ಗೃಹಿಣಿಗೆ ದೊರೆತ ಅರ್ಧ ಗಂಟೆಯೂ ತೆರಪು. ಹೆಂಚು ಸರಿದು ಮಳೆಯ ನೀರು ಒಳಗಿಳಿಯುವ ಸಂದೂ ತೆರಪು. ಕಾಲೇಜಿನ ಮೆಟ್ಟಿಲು ಹತ್ತದೆ, ಅಂಚೆಯ ಮೂಲಕ ಪಾಠ ತರಿಸಿಕೊಂಡು ಓದುವ ಕ್ರಮಕ್ಕೆ ಕನ್ನಡ ನಾಡಿನಲ್ಲಿ ‘ಅಂಚೆ ತೆರಪಿನ ಶಿಕ್ಷಣ’ ಎಂದು ಹೆಸರಾಯಿತು. ಹೆಸರಿಟ್ಟವರು ಮೊದಲನೆಯ ಅರ್ಥವನ್ನಷ್ಟೆ ನೆನೆದಿದ್ದಿರಬೇಕು. ಆದರೆ ಎರಡನೆಯ ಅರ್ಥವೂ ಕರೆಯದ ನೆಂಟನಂತೆ ಜೊತೆಯಲ್ಲಿಯೆ ಬಂದು ಕುಳಿತಿತು. ಇಂದು ಲಕೋಟೆಯ ಸ್ಥಾನಕ್ಕೆ ಮೊಬೈಲಿನ ಪರದೆ ಬಂದಿದೆ; ಅಂಚೆಯಣ್ಣನ ಸ್ಥಾನಕ್ಕೆ ಅಂತರ್ಜಾಲ ಬಂದಿದೆ. ಆ ಎರಡು ಅರ್ಥಗಳ ಜಗಳ ಮಾತ್ರ ತೀರಿಲ್ಲ.

ದೂರದಿಂದ ಕಲಿಸುವುದು ಈ ಕಾಲದ ಆವಿಷ್ಕಾರವೆಂದು ತಿಳಿಯುವವರುಂಟು. ಅದು ನಿಜವಲ್ಲ. ಇಂಗ್ಲೆಂಡಿನಲ್ಲಿ 1840ರಲ್ಲಿ ಪೆನ್ನಿ ಅಂಚೆ ಆರಂಭವಾಯಿತು. ಅದೇ ವರ್ಷ ಐಸಾಕ್ ಪಿಟ್ಮನ್ ಎಂಬಾತ ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸತೊಡಗಿದ. ಶಿಷ್ಯರು ಬರೆದು ಕಳುಹಿಸಿದುದನ್ನು ತಿದ್ದಿ ಹಿಂದಿರುಗಿಸುತ್ತಿದ್ದ. ಲಂಡನ್ ವಿಶ್ವವಿದ್ಯಾನಿಲಯವು 1858ರಲ್ಲಿ ತನ್ನ ಪದವಿ ಪರೀಕ್ಷೆಗಳನ್ನು ಹೊರಗಿನವರಿಗೂ ತೆರೆಯಿತು. ಭಾರತದಲ್ಲಿ ದೆಹಲಿ ವಿಶ್ವವಿದ್ಯಾನಿಲಯ 1962ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅದಕ್ಕಾಗಿಯೇ ಒಂದು ಸಂಸ್ಥೆಯನ್ನು ತೆರೆಯಿತು. ಮುಂದೆ 1996ರಲ್ಲಿ ಅದೇ ಊರಿನಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ತಲೆಯೆತ್ತಿತು.

ಆ ದಿನಗಳ ದಪ್ಪ ಲಕೋಟೆಗಳನ್ನು ಕಾದು ಕುಳಿತವರು ಯಾರು? ಬ್ಯಾಂಕಿನ ಗುಮಾಸ್ತರು, ಬಡ್ತಿಗೆ ಪದವಿಯೊಂದು ಅಡ್ಡ ನಿಂತಿದ್ದ ಹಳ್ಳಿಯ ಮೇಷ್ಟರು, ಓದು ಅರ್ಧಕ್ಕೆ ನಿಂತು ಗಂಡನ ಮನೆ ಸೇರಿದ ಹೆಣ್ಣುಮಕ್ಕಳು. ಹಗಲು ದುಡಿಮೆ, ಇರುಳು ಓದು. ವರ್ಷದಲ್ಲಿ ಕೆಲವು ದಿನ ‘ಸಂಪರ್ಕ ತರಗತಿ’ ಎಂದು ಎಲ್ಲರನ್ನೂ ಒಂದೆಡೆ ಸೇರಿಸುವುದೂ ಉಂಟಾಯಿತು. ಲಕೋಟೆಯ ಹಿಂದಿದ್ದ ಅಧ್ಯಾಪಕರ ಮುಖ ಕಾಣುತ್ತಿದ್ದುದು ಆಗಲೆ. ತನ್ನಂತೆಯೇ ಒದ್ದಾಡುತ್ತಿರುವವರು ಇನ್ನೂ ನೂರಾರು ಮಂದಿ ಇದ್ದಾರೆಂಬ ಸಮಾಧಾನ ಸಿಕ್ಕುತ್ತಿದ್ದುದೂ ಆಗಲೆ. ತಿಂಗಳುಗಟ್ಟಲೆ ಬಗೆಹರಿಯದ ಲೆಕ್ಕ ಜಗುಲಿಯಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಬಗೆಹರಿಯುವುದಿತ್ತು. ಲಕೋಟೆಯೊಂದೇ ಸಾಲದು ಎಂಬುದು ಲಕೋಟೆ ಕಳುಹಿಸುವವರಿಗೇ ತಿಳಿದಿತ್ತೆಂಬುದನ್ನು ಇಲ್ಲಿ ಗಮನಿಸಬೇಕು.

ಅನಂತರ ಆಕಾಶದಿಂದಲೂ ಪಾಠ ಇಳಿಯಿತು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ತಲಪಿಸಲಾಯಿತು; ಕರ್ನಾಟಕವೂ ಆ ಆರರಲ್ಲಿ ಒಂದು. 2003ರಲ್ಲಿ ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ‘ಎನ್‌ಪಿಟಿಇಎಲ್’ ಎಂಬ ಯೋಜನೆಯನ್ನು ಕೈಗೊಂಡು ತಮ್ಮ ಅಧ್ಯಾಪಕರ ಪಾಠಗಳನ್ನು ಎಲ್ಲರೂ ಕೇಳುವಂತೆ ಮಾಡಿದವು. 2017ರಲ್ಲಿ ಕೇಂದ್ರ ಸರಕಾರದ ‘ಸ್ವಯಂ’ ಬಂದಿತು. ಮಾನ್ಯತೆ ಪಡೆದ ಸಂಸ್ಥೆಗಳಿಂದ ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಪಡೆದ ಪದವಿಯು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2022ರಲ್ಲಿ ಸ್ಪಷ್ಟಪಡಿಸಿತು. ಮದರಾಸಿನ ಐಐಟಿಯ ಪ್ರಾಧ್ಯಾಪಕರ ಪಾಠವನ್ನು ರಾಯಚೂರಿನ ಹುಡುಗಿ ತನ್ನ ಮನೆಯ ನಡುಮನೆಯಲ್ಲಿ ಕುಳಿತು ಕೇಳಬಲ್ಲಳೆಂಬುದು ಸಣ್ಣ ಮಾತೆ? ಹಾಸ್ಟೆಲಿನ ಖರ್ಚಿಲ್ಲ, ಊರು ಬಿಡುವ ಅಳುಕಿಲ್ಲ. ವಯಸ್ಸು ಮೀರಿತೆಂದು ಹೀಯಾಳಿಸುವ ಸಹಪಾಠಿಗಳಿಲ್ಲ.

ಇದರ ಲಾಭವೂ ನಷ್ಟವೂ ಒಟ್ಟಿಗೆ ಕಾಣಬೇಕಾದರೆ ಬೆಂಗಳೂರಿನ ಯಾವುದಾದರೊಂದು ಬಡಾವಣೆಯ ನಡುತರದ ಮನೆಯನ್ನು ಕಣ್ಣ ಮುಂದೆ ತಂದುಕೊಂಡರೆ ಸಾಕು. ಇಂಥ ಮನೆಗಳು ಪ್ರತಿ ಬೀದಿಯಲ್ಲಿಯೂ ಇವೆ. ಮಾವನವರು ಬ್ಯಾಂಕಿನಿಂದ ನಿವೃತ್ತರು. ಅತ್ತೆಯವರು ಮನೆಯ ಒಡತಿ. ಮಗ ಕಚೇರಿಗೆ ಹೋಗುತ್ತಾನೆ. ಸೊಸೆ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಗ ಮದುವೆಯಾಗಿ ಬಂದವಳು. ಮಗುವೊಂದು ಶಾಲೆ ಸೇರಿದ ಮೇಲೆ, ನಿಂತ ಓದನ್ನು ಆನ್‌ಲೈನಿನಲ್ಲಿ ಮತ್ತೆ ಹಿಡಿದಿದ್ದಾಳೆ.

ರಾತ್ರಿ ಹಾಲಿಗೆ ಹೆಪ್ಪು ಹಾಕಿ, ಅಡಿಗೆಮನೆಯ ದೀಪವಾರಿಸಿ, ಹತ್ತು ಗಂಟೆಗೆ ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತುಕೊಳ್ಳುತ್ತಾಳೆ. ಸವಕಳಿಯ ಲೆಕ್ಕ ಒಮ್ಮೆಗೆ ತಲೆಗೆ ಹೋಗುವುದಿಲ್ಲ. ಪಾಠವನ್ನು ಹಿಂದಕ್ಕೆ ಸರಿಸಿ ಮತ್ತೊಮ್ಮೆ ಕೇಳುತ್ತಾಳೆ, ಮೂರನೆಯ ಸಲವೂ ಕೇಳುತ್ತಾಳೆ. ಅಧ್ಯಾಪಕರಿಗೆ ಬೇಸರವಿಲ್ಲ. ಹಿಂದೆ ಕಾಲೇಜಿನಲ್ಲಿ ಮೂರನೆಯ ಸಲ ಕೈಯೆತ್ತಿ ಕೇಳುವ ಧೈರ್ಯ ಅವಳಿಗಿರಲಿಲ್ಲ. ಈ ತಾಳ್ಮೆಯ ಗುರು ದೊರೆತದ್ದು ಅವಳ ಪಾಲಿಗೆ ದೊಡ್ಡ ಭಾಗ್ಯವೆ.

ಆದರೆ ಹಗಲಿನ ಪಾಡೇ ಬೇರೆ. ಮಧ್ಯಾಹ್ನ ಮೂರು ಗಂಟೆಗೆ ನೇರ ತರಗತಿ. ಅದು ಆರಂಭವಾಗಿ ಹತ್ತು ನಿಮಿಷವಾಗುವಷ್ಟರಲ್ಲಿ ಅತ್ತೆಯವರ ದನಿ ಕೇಳಿಸುತ್ತದೆ: “ಹೇಗಿದ್ದರೂ ಮನೆಯಲ್ಲೇ ಇದ್ದೀಯಲ್ಲಮ್ಮ, ಬಾಗಿಲಲ್ಲಿ ಯಾರೋ ಬಂದ ಹಾಗಿದೆ, ಸ್ವಲ್ಪ ನೋಡು.” ಸಿಲಿಂಡರಿನವನು ಹೋದನೆಂದರೆ ಒಲೆಯ ಮೇಲಿನ ಹಾಲು, ಹಾಲು ಇಳಿಸಿದಳೆಂದರೆ ಶಾಲೆಯಿಂದ ಬಂದ ಮಗು. ಕಾಲೇಜಿಗೆ ಹೋದವಳು ಮನೆಯಲ್ಲಿರುವುದಿಲ್ಲ, ಆದುದರಿಂದ ಅವಳನ್ನು ಯಾರೂ ಕರೆಯರು. ಮನೆಯಲ್ಲಿಯೆ ಓದುವವಳು ಮನೆಯಲ್ಲಿಯೆ ಇರುತ್ತಾಳೆ, ಆದುದರಿಂದ ಅವಳು ಓದುತ್ತಿರುವುದು ಯಾರಿಗೂ ಕಾಣಿಸದು. ಊರು ದಾಟುವ ಶ್ರಮವನ್ನು ಈ ವಿದ್ಯೆ ಉಳಿಸಿತು, ದಿಟ. ಆದರೆ ಊರು ದಾಟಿದವರಿಗೆ ಸಿಕ್ಕುತ್ತಿದ್ದ ಏಕಾಂತವನ್ನೂ ಅದರೊಡನೆಯೆ ಕಳೆಯಿತು.

ಇಂಥ ಓದನ್ನು ಹಿಡಿದವರಲ್ಲಿ ಕೊನೆಮುಟ್ಟಿದವರೆಷ್ಟು ಎಂಬ ಪ್ರಶ್ನೆಗೆ ಉತ್ತರ ಸಂತೋಷ ಕೊಡುವಂಥದಲ್ಲ. ಹಾರ್ವರ್ಡ್ ಮತ್ತು ಎಂಐಟಿ ವಿದ್ಯಾಸಂಸ್ಥೆಗಳು ‘ಎಡ್‌ಎಕ್ಸ್’ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ತೆರೆದಿಟ್ಟ ಪಾಠಗಳ ಲೆಕ್ಕವನ್ನು 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಲಾಯಿತು. 2017-18ರಲ್ಲಿ ಹೆಸರು ಬರೆಸಿದವರ ಪೈಕಿ ಪೂರೈಸಿದವರು ನೂರಕ್ಕೆ ಮೂವರು ಮಾತ್ರ. ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿಯಾದರೋ ನೂರಕ್ಕೆ 46 ಮಂದಿ ದಡ ಸೇರಿದ್ದರು. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲವೆಂದು ಇದಕ್ಕೆ ಷರಾ ಬರೆದು ಮುಗಿಸುವುದು ಸುಲಭ. ಹೆಸರು ಬರೆಸಿದವರೆಲ್ಲ ಕೊನೆಮುಟ್ಟಲೆಂದೇ ಬಂದವರಲ್ಲವೆಂಬುದೂ ಸರಿಯೆ. ಆದರೂ ಒಂದು ಮಾತು ಉಳಿಯುತ್ತದೆ. ಹಣ ಕಟ್ಟಿದವನು ತನಗೆ ತಾನೇ ಒಂದು ಕಟ್ಟುಪಾಡು ಹಾಕಿಕೊಂಡಿರುತ್ತಾನೆ. ತರಗತಿಯಲ್ಲಿ ಆ ಕಟ್ಟುಪಾಡನ್ನು ಗಂಟೆ ಹಾಕುತ್ತದೆ, ಮೇಷ್ಟರ ಕಣ್ಣು ಹಾಕುತ್ತದೆ, ಪಕ್ಕದ ಬೆಂಚಿನ ಗೆಳೆಯ ಹಾಕುತ್ತಾನೆ. ಪರದೆಯ ಮುಂದೆ ಕುಳಿತವನಿಗೆ ಇವರಾರೂ ಇಲ್ಲ. ಅವನ ಅಗತ್ಯವೊಂದೆ ಅವನ ಬೆನ್ನು ತಟ್ಟಬೇಕು.

ಇಲ್ಲಿ ಏಕಲವ್ಯನ ಹೆಸರು ತಾನಾಗಿಯೆ ಬರುತ್ತದೆ. ಗುರುವಿನ ಮಣ್ಣಿನ ಪ್ರತಿಮೆಯ ಮುಂದೆ ಬಿಲ್ವಿದ್ಯೆ ಕಲಿತವನಿಗಿಂತ ಮೊದಲ ದೂರಶಿಷ್ಯ ಯಾರಿದ್ದಾನು? ಆದರೆ ಏಕಲವ್ಯ ಬೇಡರ ದೊರೆಯ ಮಗ ಎಂಬುದನ್ನು ಮರೆಯಬಾರದು. ದ್ರೋಣರಲ್ಲಿಗೆ ಬರುವ ಮೊದಲೆ ಬೇಟೆಯ ಬಾಳು ಅವನ ಕಣ್ಣಿಗೆ ಬಿದ್ದಿತ್ತು, ಕಲಿಯಬೇಕೆಂಬ ಛಲ ಎದೆಯಲ್ಲಿತ್ತು. ಬಿಲ್ಲನ್ನೇ ಕಾಣದ ಎಳೆಯನಿಗೆ ಮಣ್ಣಿನ ಪ್ರತಿಮೆ ಏನನ್ನು ಕಲಿಸೀತು?

ಆ ಪ್ರಶ್ನೆ ಇಡೀ ನಾಡಿಗೆ ಎದುರಾದದ್ದು 2020ರಲ್ಲಿ. ಮಾರ್ಚ್ ತಿಂಗಳಲ್ಲಿ ಕೊರೋನಾ ನಿಮಿತ್ತ ಶಾಲೆಗಳೆಲ್ಲ ಮುಚ್ಚಿದವು. ಐದನೆಯ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ಜೂನ್ ತಿಂಗಳಲ್ಲಿ ಕರ್ನಾಟಕ ಸರಕಾರ ಆಜ್ಞೆ ಮಾಡಿತು. ಜುಲೈನಲ್ಲಿ ಉಚ್ಚ ನ್ಯಾಯಾಲಯ ಅದಕ್ಕೆ ತಡೆ ಕೊಟ್ಟಿತು. ಇತ್ತ ಮನೆಗಳಲ್ಲಿ ಎರಡನೆಯ ತರಗತಿಯ ಮಗು ಬೆಳಿಗ್ಗೆ ಸಮವಸ್ತ್ರದ ಅಂಗಿಯನ್ನೂ ಕೆಳಗೆ ಮನೆಯ ಚಡ್ಡಿಯನ್ನೂ ತೊಟ್ಟು ಮೊಬೈಲಿನ ಮುಂದೆ ಕೂರುತ್ತಿತ್ತು. “ಪ್ರೆಸೆಂಟ್ ಮಿಸ್” ಎಂದು ಕೂಗಿದ ಮೇಲೆ ಅದರ ಕಣ್ಣು ಫ್ಯಾನಿನ ಮೇಲೆ, ಕಾಲು ಮೇಜಿನ ಮೇಲೆ. ನೋಡಿದವರಿಗೆ ನಗು ಬರುತ್ತಿತ್ತು. ಆದರೆ ಅದು ನಗುವ ವಿಷಯವಾಗಿರಲಿಲ್ಲ. ‘ಅ’ ತಿದ್ದುವಾಗ ಕೈ ಹಿಡಿದು ತಿರುಗಿಸುವವರು ಬೇಕು. ಮುಖ ಬಾಡಿದುದನ್ನು ಕಂಡು “ಯಾಕಪ್ಪ, ಅರ್ಥವಾಗಲಿಲ್ಲವೆ?” ಎಂದು ಕೇಳುವವರು ಬೇಕು. ಪಕ್ಕದವನ ರಬ್ಬರನ್ನು ಕಸಿದು, ಜಗಳವಾಡಿ, ಮತ್ತೆ ಹಂಚಿಕೊಂಡು ತಿನ್ನುವುದೂ ಪಾಠವೆ. ಆ ಪಾಠಕ್ಕೆ ಪರದೆಯಲ್ಲಿ ಜಾಗವಿಲ್ಲ.

ಪರದೆಯಾದರೂ ಎಲ್ಲರಿಗೂ ಇತ್ತೆ? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ಪಟ್ಟಣಗಳಲ್ಲಿ ನೂರಕ್ಕೆ 42 ಮನೆಗಳಿಗೆ ಅಂತರ್ಜಾಲದ ಸೌಕರ್ಯವಿದ್ದಿತು, ಹಳ್ಳಿಗಳಲ್ಲಿ ಹದಿನೈದಕ್ಕೆ. ಮಲೆನಾಡಿನಲ್ಲಿಯೂ ಕರಾವಳಿಯ ಗುಡ್ಡಗಾಡುಗಳಲ್ಲಿಯೂ ಹುಡುಗರು ಸಿಗ್ನಲನ್ನು ಹುಡುಕಿಕೊಂಡು ಗುಡ್ಡ ಹತ್ತಿದರು. ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. 2020ರ ಆಗಸ್ಟಿನಲ್ಲಿ ‘ವಿದ್ಯಾಗಮ’ವೆಂಬ ಯೋಜನೆಯಂತೆ ಸರಕಾರಿ ಶಾಲೆಯ ಉಪಾಧ್ಯಾಯರು ತಾವೇ ಮಕ್ಕಳಿದ್ದಲ್ಲಿಗೆ ಹೋಗಿ ಮರದ ನೆರಳಿನಲ್ಲಿ, ಗುಡಿಯ ಜಗುಲಿಯಲ್ಲಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು.

ಫಲವೇನಾಯಿತೆಂಬುದನ್ನು ‘ಅಸರ್’ ಎಂಬ ಗ್ರಾಮೀಣ ಶಿಕ್ಷಣ ಸಮೀಕ್ಷೆ ತಿಳಿಸುತ್ತದೆ. ದೇಶದ ಹಳ್ಳಿಗಳಲ್ಲಿ ಮೂರನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ 27; 2022ರಲ್ಲಿ ಅದು 20ರ ಸಮೀಪಕ್ಕೆ ಇಳಿದಿತ್ತು. ಅದೇ ನಾಲ್ಕು ವರ್ಷಗಳಲ್ಲಿ ಸ್ಮಾರ್ಟ್‌ಫೋನ್ ಇರುವ ಮನೆಗಳು ನೂರಕ್ಕೆ 36ರಿಂದ 75ರ ಸಮೀಪಕ್ಕೆ ಏರಿದ್ದವು. ಶಾಲೆ ಮುಚ್ಚಿದ ನಷ್ಟವನ್ನೆಲ್ಲ ಪರದೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆ ದುರ್ದಿನಗಳಲ್ಲಿ ಅದೂ ಇಲ್ಲದಿದ್ದರೆ ಗತಿಯೇನಾಗುತ್ತಿತ್ತೊ! ಆದರೆ ಮನೆಗೆ ಫೋನು ಬಂದ ಮಾತ್ರಕ್ಕೆ ಮಗುವಿಗೆ ಓದು ಬರದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ದೊಡ್ಡವರ ಮತ್ತು ಮಕ್ಕಳ ನಡುವಣ ವ್ಯತ್ಯಾಸವಿಷ್ಟೆ. ಕಲಿಯುವ ಅಭ್ಯಾಸವನ್ನು ಒಮ್ಮೆ ಪಡೆದವರಿಗೆ ದೂರವು ದೂರವಲ್ಲ; ಆ ಅಭ್ಯಾಸವನ್ನು ಪಡೆಯಬೇಕಾದವರಿಗೆ ಒಂದು ಅಂಗೈಯ ಅಂತರವೂ ದೂರವೆ. ಮಗುವಿನ ಪಾಲಿಗೆ ಪರದೆ ಪುಸ್ತಕದಂತೆ ಉಪಕರಣವಾದೀತೆ ಹೊರತು ಉಪಾಧ್ಯಾಯನಾಗದು. ಪಕ್ಕದಲ್ಲಿ ಒಬ್ಬರು ಕುಳಿತಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಮಗುವನ್ನು ಸುಮ್ಮನಿರಿಸಲೆಂದು ಕೈಗಿತ್ತರೆ ಬಾರದು.

ದೊಡ್ಡವರಿಗೂ ಬೇಕಾದುದೊಂದಿದೆ, ಅದು ಯಾವ ಸಂಸ್ಥೆಯೂ ಕಳುಹಿಸಲಾರದ ವಸ್ತು. ಮೇಲೆ ಹೇಳಿದ ಮನೆಯ ಮಾವನವರು ತಮ್ಮ ಯೌವನದಲ್ಲಿ, ಗುಮಾಸ್ತರಾಗಿದ್ದಾಗ, ಮೈಸೂರಿನಿಂದ ಲಕೋಟೆ ತರಿಸಿಕೊಂಡು ಬಿ.ಎ. ಮುಗಿಸಿದವರು. ‘ಸ್ವಂತ ಪ್ರಯತ್ನದಿಂದ ಓದಿದೆ’ ಎಂದು ನೆಂಟರಿಷ್ಟರ ಮುಂದೆ ಹೇಳಿಕೊಳ್ಳುವುದು ಅವರ ರೂಢಿ. ಆ ಸಂಜೆಗಳಲ್ಲಿ ಅಳುವ ಮಕ್ಕಳನ್ನು ಹಿತ್ತಿಲಿಗೆ ಎತ್ತಿಕೊಂಡು ಹೋಗಿ, ಒಗೆಯುವ ಕಲ್ಲಿನ ಮೇಲೆ ಕುಳಿತು, ಕತ್ತಲಾಗುವವರೆಗೂ ಕತೆ ಹೇಳಿ ಸುಮ್ಮನಿರಿಸುತ್ತಿದ್ದವರು ಅವರ ಹೆಂಡತಿ. ಪದವಿಯ ಪತ್ರದಲ್ಲಿ ಆಕೆಯ ಹೆಸರಿಲ್ಲ. ಆಕೆಗೆ ಅಂಥ ತೆರಪನ್ನು ಯಾರೂ ಕೊಟ್ಟವರೂ ಇಲ್ಲ. ತನಗೆ ಸಿಕ್ಕದೆ ಇದ್ದುದನ್ನು ಸೊಸೆಗೆ ಕೊಡಬೇಕೆಂದು ಆಕೆಗೆ ತೋರದೆ ಹೋದರೆ ಅದರಲ್ಲಿ ಆಶ್ಚರ್ಯವೇನು? ಆದರೆ ತೆರಪನ್ನು ಉಂಡು ಪದವಿ ಪಡೆದವರಿಗೆ ಅದರ ರುಚಿ ಗೊತ್ತಿರಬೇಕಲ್ಲ. ಮೂರು ಗಂಟೆಗೆ ಬಾಗಿಲು ಬಡಿದಾಗ ಪತ್ರಿಕೆಯನ್ನು ಮಡಿಚಿಟ್ಟು ಏಳಬೇಕಾದವರು ಮಾವನವರೆ. ಹಾಲು ಇಳಿಸುವುದೂ ಮೊಮ್ಮಗನ ಪಕ್ಕದಲ್ಲಿ ಕುಳಿತು ಮಗ್ಗಿ ಹೇಳಿಸುವುದೂ ಅವರಿಂದ ಆಗದ ಕೆಲಸಗಳಲ್ಲ.

ಆನ್‌ಲೈನ್ ವಿದ್ಯೆ ಒಳ್ಳೆಯದೊ ಕೆಟ್ಟದ್ದೊ ಎಂದು ಕೇಳುವವರು ಮೊಬೈಲಿನ ಕಡೆ ನೋಡುತ್ತಾರೆ. ನೋಡಬೇಕಾದುದು ಅದು ಇರುವ ಮನೆಯ ಕಡೆಗೆ. ಪಾಠವನ್ನು ದೆಹಲಿಯಿಂದಲೂ ತರಿಸಬಹುದು, ಅಮೆರಿಕದಿಂದಲೂ ತರಿಸಬಹುದು. ಓದುವ ದೊಡ್ಡವರಿಗೆ ಒಂದು ಗಂಟೆಯ ಬಿಡುವು, ಕಲಿಯುವ ಮಗುವಿಗೆ ಒಂದು ಗಂಟೆಯ ಜೊತೆ - ಇವೆರಡನ್ನು ಮಾತ್ರ ಮನೆಯವರೇ ಕೊಡಬೇಕು.