ಬೇಲಿಯ ಕತ್ತಾಳೆ, ಕೋಳಿಯ ಜೋಳ

ಟಕೀಲಾ ಅಂದ ಕೂಡಲೇ ನಮ್ಮ ಆಫೀಸಿನ ಹುಡುಗರಿಗೆ ನೆನಪಾಗೋದು ಟೀಮ್ ಪಾರ್ಟಿ. ಮುಂಗೈ ಮೇಲೆ ಉಪ್ಪು, ಬೆರಳ ಸಂದಿಯಲ್ಲಿ ನಿಂಬೆ ಹೋಳು, 'ಒನ್ ಟೂ ಥ್ರೀ' ಅಂತ ಕೂಗಿ ಗಂಟಲಿಗೆ ಸುರಿದುಕೊಂಡು ಮುಖ ಕಿವುಚೋದು. ಆಮೇಲೆ ಎರಡು ದಿನ ಕ್ಯಾಂಟೀನಿನಲ್ಲಿ ಅದೇ ಮಾತು. ಅದು ಹುಟ್ಟಿದ ಮೆಕ್ಸಿಕೋದ ಹಾಲಿಸ್ಕೋ ರಾಜ್ಯದಲ್ಲಿ ಒಳ್ಳೆಯ ಟಕೀಲಾವನ್ನು ಹೀಗೆ ಕಷಾಯದಂತೆ ನುಂಗುವುದಿಲ್ಲ. ಬಿಸಿ ಚಹಾ ಹೀರಿದ ಹಾಗೆ ನಿಧಾನಕ್ಕೆ ಹೀರುತ್ತಾರೆ. ಪಕ್ಕದಲ್ಲಿ ಇನ್ನೊಂದು ಪುಟ್ಟ ಗ್ಲಾಸು, ಅದರಲ್ಲಿ ಹುಳಿ, ಖಾರ ಬೆರೆಸಿದ ಕಿತ್ತಳೆ ರಸ. ಸಂಗ್ರೀತಾ ಅಂತ ಅದರ ಹೆಸರು. ಒಂದು ಗುಟುಕು ಅದು, ಒಂದು ಗುಟುಕು ಇದು.

ಟಕೀಲಾ ಅನ್ನೋದು ಹಾಲಿಸ್ಕೋದಲ್ಲಿರುವ ಒಂದು ಊರು. ಅದನ್ನು ತೆಗೆಯೋದು ಅಗಾವೆ ಅನ್ನುವ ಗಿಡದಿಂದ. ಕಳ್ಳಿ ಅಂತ ಬಹಳ ಜನ ಅಂದುಕೊಂಡಿದ್ದಾರೆ, ಅದು ಕಳ್ಳಿಯ ಜಾತಿಯೇ ಅಲ್ಲ. ಚಿತ್ರ ನೋಡಿದ ದಿನ ನಾನು ಜೋರಾಗಿ ನಕ್ಕುಬಿಟ್ಟೆ. ಅದು ನಮ್ಮ ಕತ್ತಾಳೆಯ ಬಳಗ! ಹಾವೇರಿ ಕಡೆಯ ನಮ್ಮ ಹೊಲದ ಬೇಲಿಯ ಮೇಲೆ, ದನ ನುಗ್ಗದಿರಲಿ ಅಂತ ಹಚ್ಚಿದ ಕತ್ತಾಳೆ. ಅದರ ನಾರು ತೆಗೆದು ನಮ್ಮಜ್ಜ ಹಗ್ಗ ಹೊಸೆಯುತ್ತಿದ್ದ. ನಮ್ಮ ಬೇಲಿಯದೂ ಮೂಲತಃ ಅಮೆರಿಕ ಖಂಡದಿಂದಲೇ ಬಂದ ಗಿಡ. ಆದರೆ ಟಕೀಲಾ ಆಗುವುದು ನೀಲಿ ಅಗಾವೆ ಎಂಬ ಒಂದೇ ತಳಿಯಿಂದ, ಅದೂ ಹಾಲಿಸ್ಕೋ ಮತ್ತು ಇನ್ನು ನಾಲ್ಕು ರಾಜ್ಯಗಳ ಗೊತ್ತುಪಡಿಸಿದ ಪ್ರದೇಶದಲ್ಲಿ ಮಾತ್ರ. 1974ರಿಂದ ಆ ಹೆಸರಿಗೆ ಕಾನೂನಿನ ಕಾವಲಿದೆ.

ಆ ಗಿಡ ಕೊಯ್ಲಿಗೆ ಬರಲು ಸಾಮಾನ್ಯವಾಗಿ ಆರೇಳು ವರ್ಷ ಬೇಕು. ಕೊಯ್ಯುವವರಿಗೆ ಹಿಮಡೋರ್ ಅನ್ನುತ್ತಾರೆ. ಉದ್ದ ಹಿಡಿಕೆಯ, ದುಂಡನೆಯ ಅಲಗಿನ ಹತಾರಿನಿಂದ ಎಲೆಗಳನ್ನೆಲ್ಲ ಸವರಿದರೆ ನಡುವೆ ದೊಡ್ಡ ಅನಾನಸ್ ಹಣ್ಣಿನಂಥ ಗಡ್ಡೆ ಉಳಿಯುತ್ತದೆ. ಅದನ್ನು ಒಲೆಯಲ್ಲಿ ಬೇಯಿಸಿದರೆ ಒಳಗಿನ ಪಿಷ್ಟದಂಥ ಅಂಶ ಸಕ್ಕರೆಯಾಗುತ್ತದೆ. ಆಮೇಲೆ ಹಿಂಡಿ, ಹುಳಿಯಿಸಿ, ಎರಡು ಸಲ ಭಟ್ಟಿ ಇಳಿಸುತ್ತಾರೆ. ಅಂಗಡಿಯಲ್ಲಿ ಬಾಟಲಿ ತಿರುಗಿಸಿ 'ನೂರಕ್ಕೆ ನೂರು ಅಗಾವೆ' ಅಂತ ಬರೆದಿದೆಯಾ ನೋಡಿ. ಇಲ್ಲದಿದ್ದರೆ ಅದರ ಸಕ್ಕರೆಯಲ್ಲಿ 49 ಪಾಲಿನವರೆಗೆ ಕಬ್ಬೋ ಮತ್ತೊಂದೋ ಸೇರಿರಬಹುದು. ಕಾಕ್‌ಟೇಲಿಗೆ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟದ್ದು ಬೇಡ, ಬಣ್ಣವಿಲ್ಲದ ಬ್ಲಾಂಕೋ ಸಾಕು.

ಮಾರ್ಗರೀಟಾ ಮಾಡೋದು ನಿಂಬೆ ಶರಬತ್ತು ಮಾಡಿದಷ್ಟೇ ಸುಲಭ. 50 ಎಂಎಲ್ ಟಕೀಲಾ, 20 ಎಂಎಲ್ ಕಿತ್ತಳೆ ಲಿಕರ್, 15 ಎಂಎಲ್ ಆಗಷ್ಟೇ ಹಿಂಡಿದ ನಿಂಬೆರಸ. ಐಸ್ ಹಾಕಿ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಕೈ ಜುಮ್ಮೆನ್ನುವ ತನಕ ಕುಲುಕಿ ಸೋಸಿ. ಗ್ಲಾಸಿನ ಅಂಚಿಗೆ ಉಪ್ಪು ಅರ್ಧ ಭಾಗಕ್ಕೆ ಮಾತ್ರ ಹಚ್ಚಿ, ಬೇಡವಾದವರು ಆ ಕಡೆಯಿಂದ ಕುಡೀಬಹುದು. ಮೆಕ್ಸಿಕೋದವರ ಮನೆಮಾತು ಮಾತ್ರ ಪಲೋಮಾ. ಟಕೀಲಾ, ನಿಂಬೆ, ಚಿಟಿಕೆ ಉಪ್ಪು, ಮೇಲೆ ಗ್ರೇಪ್‌ಫ್ರೂಟ್ ಸೋಡಾ. ಆ ಸೋಡಾ ಹುಡುಕಿ ಅಲೆಯುವ ಬದಲು ನಾನು ದೇವನಹಳ್ಳಿ ಚಕ್ಕೋತದ ತೊಳೆ ಬಿಡಿಸಿ ರಸ ಹಿಂಡಿ, ಸಾದಾ ಸೋಡಾ ಸುರಿಯುತ್ತೇನೆ. ಚಕ್ಕೋತ ಸಿಹಿ ಹೆಚ್ಚು, ಕಹಿ ಕಮ್ಮಿ. ಹಾಗಾಗಿ ನಿಂಬೆ ತುಸು ಮುಂದಿರಲಿ. ಟಕೀಲಾ ಇಲ್ಲದೆಯೂ ಇದು ಚೆನ್ನಾಗಿರುತ್ತದೆ, ಕುಡಿಯದ ಗೆಳೆಯರಿಗೆ ಅದೇ ಗ್ಲಾಸಿನಲ್ಲಿ ಅದನ್ನೇ ಕೊಡುತ್ತೇನೆ.

ಜೊತೆಗೆ ತಿನ್ನಲು ಏನು? ಮೆಕ್ಸಿಕೋದ ಅಡುಗೆಮನೆ ನಮಗೆ ಅಷ್ಟೇನೂ ಪರಕೀಯ ಅಲ್ಲ. ಟೊಮೆಟೊ, ಮೆಣಸಿನಕಾಯಿ, ಗೋವಿನಜೋಳ ಎಲ್ಲ ಆ ಕಡೆಯಿಂದಲೇ ಹಡಗು ಹತ್ತಿ ಬಂದವು. ಟೊಮೆಟೊ, ಬೆಳ್ಳುಳ್ಳಿ, ಈರುಳ್ಳಿಯನ್ನು ಒಣ ಹಂಚಿನ ಮೇಲೆ ಕಪ್ಪು ಕಲೆ ಬೀಳುವ ತನಕ ಸುಟ್ಟು, ನೆನೆಸಿದ ಬ್ಯಾಡಗಿ ಮೆಣಸಿನಕಾಯಿಯ ಜೊತೆ ಕುಟ್ಟಿ, ಉಪ್ಪು, ನಿಂಬೆ ಹಾಕಿದರೆ ಸಾಲ್ಸಾ. ಅವರು ಬಳಸುವ ಗ್ವಾಹಿಯೋ ಮೆಣಸಿನಕಾಯಿಯೂ ಬ್ಯಾಡಗಿಯ ಹಾಗೆ ಬಣ್ಣ ಜಾಸ್ತಿ, ಖಾರ ಹದ. ಅವರು ಕುಟ್ಟುವ ಮೋಲ್ಕಹೇತೆ ಅನ್ನೋದು ಮೂರು ಕಾಲಿನ ಒರಳು, ಅಷ್ಟೇ. ಬೆಂಗಳೂರಿನ ಜ್ಯೂಸ್ ಅಂಗಡಿಯಲ್ಲಿ ಮಿಲ್ಕ್‌ಶೇಕ್ ಆಗುವ ಬಟರ್ ಫ್ರೂಟನ್ನು ಉಪ್ಪು, ನಿಂಬೆ, ಹಸಿಮೆಣಸು, ಕೊತ್ತಂಬರಿ ಹಾಕಿ ಹಿಸುಕಿದರೆ ಗ್ವಾಕಮೋಲೆ.

ಕಷ್ಟ ಇರೋದು ಟೋರ್ಟಿಯಾದಲ್ಲಿ. ಗೋವಿನಜೋಳದ ಹಿಟ್ಟನ್ನು ಹಾಗೇ ಕಲಸಿದರೆ ಬಿರಿಯುತ್ತದೆ. ಮೆಕ್ಸಿಕೋದ ಹೆಂಗಸರು ಸಾವಿರಾರು ವರ್ಷಗಳ ಹಿಂದೆಯೇ ಇದಕ್ಕೊಂದು ದಾರಿ ಕಂಡುಕೊಂಡಿದ್ದರು: ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸೋದು. ನಿಕ್ಸ್ಟಮಾಲ್ ಅಂತಾರೆ. ಸುಣ್ಣ ಸಿಪ್ಪೆ ಸಡಿಲಿಸುತ್ತದೆ, ಹಿಟ್ಟಿಗೆ ಅಂಟು ಕೊಡುತ್ತದೆ, ಮುಖ್ಯವಾಗಿ ಕಾಳಿನೊಳಗೆ ಬಂಧಿಯಾಗಿರುವ ನಯಾಸಿನ್ ಎಂಬ ವಿಟಮಿನ್ ಮೈಗೆ ದಕ್ಕುವಂತೆ ಮಾಡುತ್ತದೆ. ಯುರೋಪಿನವರು ಬೀಜ ಒಯ್ದರು, ಸುಣ್ಣದ ವಿದ್ಯೆ ಒಯ್ಯಲಿಲ್ಲ. ಇಟಲಿಯಲ್ಲಿ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ, ಬರೀ ಇದನ್ನೇ ಉಂಡ ಬಡವರು ಪೆಲಾಗ್ರಾ ರೋಗದಿಂದ ಸತ್ತರು.

ನಮ್ಮಪ್ಪ ನಾಲ್ಕು ಎಕರೆ ಗೋವಿನಜೋಳ ಬೆಳೆಯುತ್ತಾನೆ. ಹಸಿ ತೆನೆ ಸುಟ್ಟು ತಿಂದದ್ದು ಬಿಟ್ಟರೆ ಅದು ನಮ್ಮ ಮನೆಯ ಒಲೆ ಹತ್ತಿದ್ದೇ ಇಲ್ಲ. ರೊಟ್ಟಿಗೆ ಬಿಳಿಜೋಳ. ಗೋವಿನಜೋಳ ಲಾರಿ ಹತ್ತಿ ಕೋಳಿ ಮೇವಿನ ಕಾರ್ಖಾನೆಗೆ. ಕಳೆದ ಸುಗ್ಗಿ ಮುಗಿದ ಮೇಲೆ ಅವ್ವ ಬೆಂಗಳೂರಿಗೆ ಬರುವಾಗ ಐದು ಕೇಜಿ ತಗೊಂಡು ಬಾ ಅಂದೆ. "ಯಾಕೋ ತಮ್ಮಾ, ಅಪಾರ್ಟ್‌ಮೆಂಟಿನಾಗ ಕೋಳಿ ಸಾಕೀಯೇನು?" ಅಂದಳು.

ಅರ್ಧ ಕೇಜಿ ಕಾಳು, ಒಂದೂವರೆ ಲೀಟರ್ ನೀರು, ಒಂದು ಟೀ ಚಮಚ ತಿನ್ನುವ ಸುಣ್ಣ. ಸುಣ್ಣ ಅವ್ವನ ಎಲೆಅಡಿಕೆ ಚೀಲದ್ದೇ. ಮುಕ್ಕಾಲು ತಾಸು ಸಣ್ಣ ಉರಿಯಲ್ಲಿ ಬೇಯಿಸಿ, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಬೆಳಿಗ್ಗೆ ಮೂರ್ನಾಲ್ಕು ನೀರಿನಲ್ಲಿ ತಿಕ್ಕಿ ತೊಳೆದು ರುಬ್ಬಿದೆವು. ನೀರು ಜಾಸ್ತಿ ಆದರೆ ದೋಸೆಹಿಟ್ಟು ಆಗುತ್ತೆ, ಚಿಮುಕಿಸಿದಷ್ಟೇ ಸಾಕು. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ತಟ್ಟೆಯಿಂದ ಒತ್ತಬೇಕು ಅಂತ ನಾನು ಹೇಳೋ ಹೊತ್ತಿಗೆ ಅವ್ವ ಕೈಯಲ್ಲೇ ನಾಲ್ಕು ಬಡಿದು ಹಂಚಿಗೆ ಹಾಕಿಯಾಗಿತ್ತು. ಮೂರನೆಯದು ಉಬ್ಬಿತು. ಆ ವಾಸನೆ, ಮೊದಲ ಮಳೆಗೆ ಸುಣ್ಣ ಬಳಿದ ಗೋಡೆ ನೆನೆದಂತೆ.

ಉಪ್ಪಿನ ಡಬ್ಬಿ ಹುಡುಕುತ್ತ ಅವ್ವ ಮೇಲಿನ ಕಪಾಟು ತೆರೆದಳು. ಅಲ್ಲಿ ಟಕೀಲಾ ಇತ್ತು. ದಪ್ಪ ಗಾಜು, ಮರದ ಬಿರಟೆ, ಮೇಲೆ ನೀಲಿ ಗಿಡದ ಚಿತ್ರ.

"ಇದು ಸೆರೆ ಹೌದಲ್ಲೋ?"

"ಹೂಂ ಅವ್ವಾ. ಕತ್ತಾಳಿಯಿಂದ ತಗೀತಾರ."

"ಎಷ್ಟು ರೊಕ್ಕ?"

ಹೇಳಿದೆ. ಆ ವರ್ಷದ ದರದಲ್ಲಿ ಎರಡು ಕ್ವಿಂಟಲ್ ಗೋವಿನಜೋಳದ ದುಡ್ಡು. ಅವ್ವನಿಗೆ ಲೆಕ್ಕ ನನಗಿಂತ ಬೇಗ ಆಗುತ್ತದೆ.

ನಮ್ಮ ಸೋದರಮಾವ ಪಾಕೀಟು ಸಾರಾಯಿಗೆ ಹೋದವನು. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈನಲ್ಲಿ. ಮಾವ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದ. ಸಂಜೆಯಾದರೆ ಅವ್ವ ಕಂದೀಲು ಹಿಡಿದು ತಮ್ಮನನ್ನು ಹುಡುಕಲು ಹೋಗುತ್ತಿದ್ದದ್ದು, ಗಟಾರದ ದಂಡೆಯಿಂದ ಎಬ್ಬಿಸಿಕೊಂಡು ಬರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ಅವ್ವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಇದ್ದಲ್ಲೇ ಇಟ್ಟಳು. "ಇಂಥಾ ಚಂದನ ಬಾಟ್ಲಿ ಇದ್ದಿದ್ರ ನಿಮ್ಮ ಮಾಮಾಗ ಯಾರೂ ಕುಡುಕ ಅಂತಿದ್ದಿಲ್ಲ ನೋಡು" ಅಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಕಪಾಟು ಮುಚ್ಚಿ ಮುಂದಿನ ಉಂಡೆ ತಗೊಂಡಳು.

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಹಳ್ಳಿಯಲ್ಲಿ ಮಾನ ಕಳೆಯುವ ವಸ್ತು ಇಲ್ಲಿ ಶೋಕೇಸಿಗೆ ಬರುತ್ತದೆ, ಅದರ ಬಗ್ಗೆ ನಾನೇ ಇಷ್ಟುದ್ದ ಬರೆಯುತ್ತೇನೆ. ಯಕೃತ್ತಿಗೆ ಬಾಟಲಿಯ ಚಂದ ಗೊತ್ತಾಗೋದಿಲ್ಲ. ನಮ್ಮನೆಯಲ್ಲಿ ಮೊದಲಿನಿಂದ ಇರುವ ಕಟ್ಟಳೆ ಮೂರು: ಅಳತೆಯ ಕಪ್ಪಿಲ್ಲದೆ ಸುರಿಯಬಾರದು, ಎರಡರ ಮೇಲೆ ಮೂರನೆಯದಿಲ್ಲ, ಕುಡಿದವರು ಗಾಡಿಯ ಕೀಲಿ ಮುಟ್ಟಬಾರದು. ಇದನ್ನು ಕೇಳಿ ನಗುವ ಗೆಳೆಯರಿದ್ದಾರೆ. ನಗಲಿ. ಅವರು ಕಂದೀಲು ಹಿಡಿದು ಯಾರನ್ನೂ ಹುಡುಕಿದವರಲ್ಲ.

ಅವ್ವ ಊರಿಗೆ ಹೋದ ವಾರಕ್ಕೆ ಅಪ್ಪ ಫೋನ್ ಮಾಡಿದ. ಅವ್ವ ಗೋವಿನಜೋಳಕ್ಕೆ ಸುಣ್ಣ ಹಾಕಿ ಬೇಯಿಸಿ, ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಜೊತೆ ಬಡಿಸಿದ್ದಳಂತೆ. ಹೆಂಗಿತ್ತಪಾ ಅಂತ ಕೇಳಿದೆ.

"ಇಷ್ಟ್ ವರ್ಷ ಕೋಳಿ ಬಾಳ ಶಾಣ್ಯಾ ಇದ್ವು ಬಿಡು" ಅಂದ.